ಬಾಲಗ್ರಹ, ಅನ್ಯೂರಿಸಂ ಮತ್ತು ನಮ್ಮಜ್ಜಿಯ ತೋಡು

ತುಂಬಾ ದಿನಗಳಿಂದ ಬರೀಬೇಕು ಅಂದುಕೊಂಡು ಮುಂದೂಡುತ್ತಾ ಬಂದ ವಿಷಯ ಇದು. ಸ್ವಲ್ಪ ಉದ್ದ ಆಯ್ತು, ಪುರುಸೊತ್ತು ಮಾಡಿಕೊಂಡು ಓದಿ. ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ, ಕೋಡ್ ಬರೆದು ಹೊಟ್ಟೆ ಹೊರೆಯುವವನು. ಇದನ್ನು ಇತಿಹಾಸ ಅಂತ ಓದಿ, ಔಷಧಿ ಚೀಟಿ ಅಂತಲ್ಲ :-)

ಕಳೆದ ವರ್ಷ ವಾರಾಂತ್ಯಕ್ಕೆ ಕಾಪುವಿನ ಹತ್ತಿರ ಇರುವ ನಮ್ಮ ಮನೆಗೆ ಬಂದಿದ್ದೆ. ಶನಿವಾರ ಬೆಳಿಗ್ಗೆ ಕಾರ್ಕಳದಿಂದ ಫೋನು. ಚಿಕ್ಕಮ್ಮನ ಮಗಳು, ನಾನು ಅಕ್ಕ ಅಂತಲೇ ಕರೆಯೋದು, ಅವಳ ಒಂಬತ್ತು ತಿಂಗಳ ಮಗು ಇದ್ದಕ್ಕಿದ್ದಂತೆ ಕಿರುಚಿ ಅತ್ತು, ವಾಂತಿ ಮಾಡಿ, ಫಿಟ್ಸ್ ಬಂದು ಒಂದು ಕೈ ಸೆಳೆದುಕೊಳ್ಳುತ್ತಿತ್ತಂತೆ. ಜ್ವರ ಇಲ್ಲ, ಬಿದ್ದಿಲ್ಲ. ಬೈಲೂರು, ಹಿರಿಯಡ್ಕ ದಾಟಿ ಕಾರು ಮಣಿಪಾಲ ತಲುಪುವಷ್ಟರಲ್ಲಿ ಮಗು ಮಂಕಾಗಿತ್ತು. ನಾನು ಈ ಕಡೆಯಿಂದ ಹೋಗಿ ಸೇರಿಕೊಂಡೆ. ಸ್ಕ್ಯಾನ್ ಆಯ್ತು. ಮೆದುಳಿನ ಒಂದು ರಕ್ತನಾಳದಲ್ಲಿ ಉಬ್ಬು, ಅದು ಒಡೆದು ರಕ್ತ ಸೋರಿದೆ ಅಂದರು. 'ಅನ್ಯೂರಿಸಂ' ಅನ್ನೋ ಶಬ್ದವನ್ನು ಒಂದು ಕೂಸಿನ ಹೆಸರಿನ ಪಕ್ಕದಲ್ಲಿ ಕೇಳಿದ್ದು ಅದೇ ಮೊದಲು.

ಅಕ್ಕ ಕೇಳಿದ ಮೊದಲ ಪ್ರಶ್ನೆ 'ಬದುಕ್ತಾನಾ?' ಅನ್ನೋದಲ್ಲ. "ನಾನೇನು ತಪ್ಪು ಮಾಡಿದೆ ಡಾಕ್ಟ್ರೇ? ನಿನ್ನೆ ಎಣ್ಣೆ ಹಚ್ಚಿ ಮೀಯಿಸುವಾಗ ನೆತ್ತಿ ಜೋರಾಗಿ ಒತ್ತಿಬಿಟ್ಟೆನಾ?" ಅಂತ.

ಈ ಪ್ರಶ್ನೆಯನ್ನು ನಾನು ಮೊದಲೂ ಕೇಳಿದ್ದೆ. ನಮ್ಮಜ್ಜಿಯ ಬಾಯಲ್ಲಿ.

ಅಜ್ಜಿಯ ಮೊದಲ ಮಗು ತೀರಿಹೋದದ್ದು 1957ರ ಆಟಿ ತಿಂಗಳಲ್ಲಿ. ಹನ್ನೊಂದು ತಿಂಗಳ ಗಂಡುಮಗು. ತವರಿಗೆ ಹೋಗಲು ಅಜ್ಜಿ ಮಗುವನ್ನು ಸೊಂಟದಲ್ಲಿಟ್ಟುಕೊಂಡು ನಡುಮಧ್ಯಾಹ್ನ ತೋಡು ದಾಟಿದ್ದರು. ಮಾರನೇ ದಿನ ಮಗು ಚೀರಿ, ಸೆಟೆದುಕೊಂಡು, ಎರಡು ರಾತ್ರಿ ಕಳೆಯುವಷ್ಟರಲ್ಲಿ ಹೋಗಿಬಿಟ್ಟಿತು. ಮನೆಯವರು ಪ್ರಶ್ನೆ ಇಡಿಸಿದರು, ನೂಲು ಕಟ್ಟಿಸಿದರು. ಬಾಲಗ್ರಹ ಅಂದರು ಕೆಲವರು, ತೋಡಿನ ಹತ್ತಿರ ಸೋಂಕು ತಾಗಿದ್ದು ಅಂದರು ಕೆಲವರು. ಎಲ್ಲರ ಮಾತೂ ಕೊನೆಗೆ ಬಂದು ನಿಂತದ್ದು ಒಂದೇ ಕಡೆ: ಆಟಿಯಲ್ಲಿ, ಮಟಮಟ ಮಧ್ಯಾಹ್ನ, ಕೂಸನ್ನು ಎತ್ತಿಕೊಂಡು ತೋಡು ದಾಟಿದವಳು ಯಾರು? ಅಜ್ಜಿಗೆ ಆಗ ಇಪ್ಪತ್ತೆರಡು ವರ್ಷ. ಆಮೇಲೆ ಅರವತ್ತು ವರ್ಷಕ್ಕೂ ಹೆಚ್ಚು ಬದುಕಿದರು, ಮಕ್ಕಳು ಮೊಮ್ಮಕ್ಕಳನ್ನು ಕಂಡರು. ಆದರೆ ಮಧ್ಯಾಹ್ನದ ಹೊತ್ತು ಆ ತೋಡು ಮಾತ್ರ ದಾಟಲಿಲ್ಲ, ಸುತ್ತು ಬಳಸಿ ರಸ್ತೆಯಲ್ಲೇ ಹೋಗುತ್ತಿದ್ದರು.

ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಾಗ ತಲೆಯಲ್ಲಿ ಓಡುತ್ತಿದ್ದದ್ದು ಇದೇ. ಇಬ್ಬರು ತಾಯಂದಿರ ನಡುವೆ ಹತ್ತಿರ ಹತ್ತಿರ ಎಪ್ಪತ್ತು ವರ್ಷ, ಪ್ರಶ್ನೆ ಒಂದೇ. ಆಮೇಲೆ ತಿಂಗಳುಗಟ್ಟಲೆ ಈ ಕಾಯಿಲೆಯ ಇತಿಹಾಸ ಓದಿದೆ. ಓದಿದ್ದರಲ್ಲಿ ನಿಮಗೆ ಹೇಳಲೇಬೇಕು ಅನ್ನಿಸಿದ್ದು ಇಲ್ಲಿದೆ.

ಮೊದಲು ಅನ್ಯೂರಿಸಂ ಅಂದ್ರೇನು ಅಂತ. ಸವೆದ ಸೈಕಲ್ ಟ್ಯೂಬಿಗೆ ಗಾಳಿ ಹೊಡೆದಾಗ ಬಲ ಇಲ್ಲದ ಜಾಗದಲ್ಲಿ ಗುಳ್ಳೆಯಂತೆ ಉಬ್ಬುತ್ತಲ್ಲ, ಅದೇ. ಗ್ರೀಕಿನಲ್ಲಿ ಆ ಶಬ್ದಕ್ಕೆ ಹಿಗ್ಗುವುದು ಅಂತಲೇ ಅರ್ಥ. ಧಮನಿಯ ಗೋಡೆ ತೆಳುವಾದ ಕಡೆ ಉಬ್ಬು ಬೆಳೆಯುತ್ತೆ, ಒಂದು ದಿನ ಒಡೆಯುತ್ತೆ. ದೊಡ್ಡವರಲ್ಲಿ ಇದಕ್ಕೆ ರಕ್ತದೊತ್ತಡ, ಸಿಗರೇಟು, ವಯಸ್ಸು ಅಂತ ಕಾರಣ ಹೇಳಬಹುದು. ಕೂಸಿಗೆ ಇದ್ಯಾವುದೂ ಇಲ್ಲ. ಮೆದುಳಿನ ಒಟ್ಟು ಅನ್ಯೂರಿಸಂಗಳಲ್ಲಿ ಮಕ್ಕಳ ಪಾಲು ಶೇಕಡಾ 5ಕ್ಕಿಂತ ಕಡಿಮೆ, ಒಂದು ವರ್ಷದೊಳಗಿನ ಕೂಸುಗಳಲ್ಲಿ ಇನ್ನೂ ಅಪರೂಪ. ದೊಡ್ಡವರಲ್ಲಿ ಹೆಂಗಸರಿಗೆ ಹೆಚ್ಚು, ಮಕ್ಕಳಲ್ಲಿ ಗಂಡುಮಕ್ಕಳಿಗೆ ಹೆಚ್ಚು. ಮಕ್ಕಳಲ್ಲಿ ಉಬ್ಬಿನ ಗಾತ್ರವೂ ಹೆಚ್ಚಾಗಿ ದೊಡ್ಡದೇ. ಕೆಲವರಿಗೆ ತಲೆಗೆ ಬಿದ್ದ ಪೆಟ್ಟು, ಕೆಲವರಿಗೆ ಸೋಂಕು, ಕೆಲವರಿಗೆ ಹುಟ್ಟಿನಿಂದ ಬಂದ ಅಂಗಾಂಶದ ದೌರ್ಬಲ್ಯ. ಎಷ್ಟೋ ಕೂಸುಗಳಲ್ಲಿ ಯಾವ ಕಾರಣವೂ ಸಿಗೋದಿಲ್ಲ.

ಇನ್ನೊಂದು ತೊಡಕು. ದೊಡ್ಡವರು 'ಜೀವಮಾನದಲ್ಲೇ ಕಾಣದ ತಲೆನೋವು' ಅಂತ ಬಾಯಿಬಿಟ್ಟು ಹೇಳ್ತಾರೆ. ಕೂಸು ಅಳುತ್ತೆ, ಅಷ್ಟೇ. ಅದರ ಬದಲು ಕೂಸಿಗೆ ನೆತ್ತಿ ಇದೆ. ತಲೆಬುರುಡೆಯ ಮೂಳೆಗಳು ಇನ್ನೂ ಕೂಡಿಕೊಳ್ಳದ ಆ ಮೆತ್ತನೆಯ ಜಾಗ ಸಾಮಾನ್ಯವಾಗಿ ಒಂದೂವರೆ ವರ್ಷದ ಒಳಗೆ ಮುಚ್ಚಿಕೊಳ್ಳುತ್ತೆ. ಒಳಗೆ ಒತ್ತಡ ಏರಿದರೆ ಅದು ಉಬ್ಬುತ್ತೆ. ನಮ್ಮ ಅಜ್ಜಿಯಂದಿರು ಹರಳೆಣ್ಣೆ ಇಟ್ಟು ದಿನಾ ಮುಟ್ಟಿ ನೋಡುತ್ತಿದ್ದದ್ದು ಇದೇ ಜಾಗವನ್ನು.

ಹಾಗಾದ್ರೆ ಹಿಂದಿನವರು ಇದನ್ನೆಲ್ಲ ಗಮನಿಸಿಯೇ ಇರಲಿಲ್ವಾ? ಗಮನಿಸಿದ್ದರು. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಒಂಬತ್ತು ಬಾಲಗ್ರಹಗಳಿವೆ: ಸ್ಕಂದ, ಸ್ಕಂದಾಪಸ್ಮಾರ, ಶಕುನಿ, ರೇವತಿ, ಪೂತನಾ, ಅಂಧಪೂತನಾ, ಶೀತಪೂತನಾ, ಮುಖಮಂಡಿಕಾ, ನೈಗಮೇಷ. ವಾಗ್ಭಟನಲ್ಲಿ ಇವು ಹನ್ನೆರಡು ಆಗುತ್ತವೆ. ಸ್ಕಂದಗ್ರಹ ಹಿಡಿದ ಕೂಸಿನ ವರ್ಣನೆ ನೋಡಿ. ಮುಖ ಸೊಟ್ಟ, ಒಂದು ಕಣ್ಣಿನ ರೆಪ್ಪೆ ಆಡುವುದಿಲ್ಲ, ಮೊಲೆ ಕುಡಿಯಲು ಒಲ್ಲದು ಅನ್ನುತ್ತೆ ಸುಶ್ರುತ. ದೇಹದ ಒಂದು ಪಕ್ಕ ಸತ್ತಂತೆ, ಅಂಗಾಂಗ ಸೆಟೆದು ಕುತ್ತಿಗೆ ಬಾಗುತ್ತೆ ಅನ್ನುತ್ತಾನೆ ವಾಗ್ಭಟ. ಇದು ಅನ್ಯೂರಿಸಂನ ವರ್ಣನೆ ಅಂತ ನಾನು ಹೇಳ್ತಾ ಇಲ್ಲ, ದಯವಿಟ್ಟು ಹಾಗೆ ಫಾರ್ವರ್ಡ್ ಮಾಡಬೇಡಿ! ಮೆದುಳಿಗೆ ಏನೇ ಪೆಟ್ಟಾದರೂ ಇಂಥ ಲಕ್ಷಣ ಬರಬಹುದು. ಆದರೆ ತೊಟ್ಟಿಲ ಪಕ್ಕ ಕೂತು ಕಣ್ಣಿಟ್ಟು ನೋಡಿದವರು ಬರೆದ ಮಾತು ಇದು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ.

ಕಷ್ಟ ಇರೋದು ಮುಂದಿನ ಮಾತಿನಲ್ಲಿ. ಗ್ರಹಗಳು ಯಾಕೆ ಹಿಡಿಯುತ್ತವೆ? ಸುಶ್ರುತದ ಉತ್ತರದಲ್ಲಿ ಮೊದಲು ಬರೋದೇ ತಾಯಿ ಮತ್ತು ದಾದಿಯ ಅಪಚಾರ, ಶುಚಿ ತಪ್ಪಿದ್ದು, ಮಂಗಳಾಚಾರ ಬಿಟ್ಟದ್ದು. ನಮ್ಮಜ್ಜಿಯನ್ನು ಅಪರಾಧಿ ಮಾಡಿದ ಆ ವಾದ ಕಾಪುವಿನ ಯಾವುದೋ ಮನೆಯಂಗಳದಲ್ಲಿ ಹುಟ್ಟಿದ್ದಲ್ಲ, ಅದಕ್ಕೆ ಸಾವಿರಾರು ವರ್ಷದ ಬೇರಿದೆ. ನಮ್ಮಲ್ಲಿ ಮಾತ್ರವೂ ಅಲ್ಲ. ಮಗುವಿನ ಊನಕ್ಕೆ ಬಸುರಿಯ ಹೆದರಿಕೆ, ಬಯಕೆ, ಕಲ್ಪನೆಗಳೇ ಕಾರಣ ಅಂತ ಯುರೋಪಿನ ವೈದ್ಯರೂ 18ನೇ ಶತಮಾನದಲ್ಲಿ ಗಂಭೀರವಾಗಿ ವಾದಿಸುತ್ತಿದ್ದರು.

ಕಾಪು ಅಂದ ತಕ್ಷಣ ನಿಮಗೆ ದೀಪಸ್ತಂಭ ನೆನಪಾಗುತ್ತೆ, ನಮಗೆ ಮಾರಿಗುಡಿಗಳು. ಮೂರು ಮಾರಿಗುಡಿ, ವರ್ಷದಲ್ಲಿ ಮೂರು ಮಾರಿಪೂಜೆ: ಸುಗ್ಗಿ, ಆಟಿ, ಜಾರ್ದೆ. ಸಿಡುಬು, ವಾಂತಿಭೇದಿ ಅಂತ ಊರಿಗೇ ಬಂದ ಕಾಯಿಲೆಯನ್ನು ಊರೇ ಸೇರಿ ಸಾಗಹಾಕುವ ಪದ್ಧತಿ. ಇದರಲ್ಲಿ ಒಂದು ಸಮಾಧಾನ ಇದೆ ನೋಡಿ, ಮಾರಿಯ ಭಾರವನ್ನು ಎಲ್ಲರೂ ಹೊರುತ್ತಿದ್ದರು. ಆದರೆ ಒಂದೇ ಮನೆಯ ಒಂದೇ ತೊಟ್ಟಿಲಿಗೆ ಬಂದ ಕಾಯಿಲೆಗೆ ಊರು ಬರೋದಿಲ್ಲ. ಅದನ್ನು ತಾಯಿ ಒಬ್ಬಳೇ ಹೊರಬೇಕು.

ನಮ್ಮ ಕೆಲಸದಲ್ಲಿ ಇದು ಚೆನ್ನಾಗಿ ಅರ್ಥ ಆಗುತ್ತೆ. ಸರ್ವರ್ ಬಿದ್ದಿದೆ, ಲಾಗ್ ಫೈಲ್ ಇಲ್ಲ. ಆಗ ಆಫೀಸಿನಲ್ಲಿ ಮೊದಲು ಕೇಳೋದು 'ಏನಾಯ್ತು?' ಅಂತ ಅಲ್ಲ, 'ಕೊನೆಗೆ ಮುಟ್ಟಿದ್ದು ಯಾರು?' ಅಂತ. ಕೂಸನ್ನು ಕೊನೆಗೆ ಮುಟ್ಟಿದವಳು ಯಾವಾಗಲೂ ತಾಯಿಯೇ.

ಲಾಗ್ ಓದಲು ಜನ ಹೇಗೆ ಕಲಿತರು ಅನ್ನೋದೇ ಈ ಕಾಯಿಲೆಯ ಇತಿಹಾಸ. ಶುರುವಾಗಿದ್ದು ಶವಪರೀಕ್ಷೆಯಿಂದ. ಇಟಲಿಯ ಮೋರ್ಗಾನಿ 1761ರಲ್ಲಿ ಕಾಯಿಲೆಗಳನ್ನು ಅಂಗಗಳೊಳಗೆ ಹುಡುಕುವ ತನ್ನ ದೊಡ್ಡ ಪುಸ್ತಕ ಪ್ರಕಟಿಸಿದ. 1765ರಲ್ಲಿ ಮಿಲಾನಿನ ಬಿಯೂಮಿ, ಒಡೆದ ಮೆದುಳಿನ ಅನ್ಯೂರಿಸಂ ಒಂದನ್ನು ಶವದಲ್ಲಿ ಕಂಡು ಬರೆದ. ಮಕ್ಕಳ ಸರದಿ ಬರಲು ಇನ್ನೂ ನೂರು ವರ್ಷ ಬೇಕಾಯ್ತು. 1871ರಲ್ಲಿ ಎಪ್ಪಿಂಗರ್ ಅನ್ನುವವರು 15 ವರ್ಷದ ಹುಡುಗನೊಬ್ಬನ ಬಗ್ಗೆ ಬರೆದರು. ಅವನ ಮಹಾಧಮನಿ ಒಂದು ಕಡೆ ಹುಟ್ಟಿನಿಂದಲೇ ಕಿರಿದಾಗಿತ್ತು, ಮೆದುಳಿನ ಉಬ್ಬು ಒಡೆದು ಸತ್ತಿದ್ದ. 1885ರಲ್ಲಿ ವಿಲಿಯಂ ಆಸ್ಲರ್, ಸೋಂಕು ತಗುಲಿದ ಹೃದಯದ ಕವಾಟದಿಂದ ರಕ್ತನಾಳದ ಗೋಡೆ ಹಾಳಾಗಿ ಉಬ್ಬುವುದನ್ನು ವಿವರಿಸಿ 'ಮೈಕೋಟಿಕ್ ಅನ್ಯೂರಿಸಂ' ಅಂತ ಹೆಸರಿಟ್ಟ. ಹೆಸರಿನಲ್ಲಿ ಅಣಬೆ ಇದ್ದರೂ ಕೆಲಸ ಹೆಚ್ಚಾಗಿ ಬ್ಯಾಕ್ಟೀರಿಯಾದ್ದು.

ಇದೆಲ್ಲ ಸತ್ತ ಮೇಲೆ ತಿಳಿಯುವ ವಿದ್ಯೆ. ನಮ್ಮ ಕಡೆ ಸತ್ತ ಕೂಸನ್ನು ಸುಡೋದೂ ಇಲ್ಲ, ಮಣ್ಣು ಮಾಡ್ತಾರೆ. ಅದನ್ನು ಕೊಯ್ದು ನೋಡಲು ಯಾವ ತಾಯಿ ಒಪ್ತಾಳೆ?

ಬದುಕಿರುವಾಗಲೇ ನೋಡುವ ದಾರಿ ನಿಧಾನವಾಗಿ ತೆರೆಯಿತು. 1891ರಲ್ಲಿ ಜರ್ಮನಿಯ ಕ್ವಿಂಕೆ ಬೆನ್ನುಹುರಿಯ ಸುತ್ತಲಿನ ನೀರು ತೆಗೆಯುವ ವಿಧಾನ ತೋರಿಸಿದ. ಆ ನೀರಿನಲ್ಲಿ ರಕ್ತ ಇದ್ದರೆ ತಲೆಯೊಳಗೆ ಸೋರಿಕೆ ಆಗಿರಬಹುದು ಅಂತ ಊಹಿಸಬಹುದಾಯ್ತು. 1923ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಸೈಮಂಡ್ಸ್ ರೋಗಿಯ ಲಕ್ಷಣಗಳಿಂದಲೇ ಮೆದುಳಿನ ಅನ್ಯೂರಿಸಂ ಗುರುತಿಸುವುದು ಹೇಗೆ ಅಂತ ಬರೆದ. ಅದೇ 1923ರಲ್ಲಿ ನಮ್ಮ ಉಡುಪಿಯಲ್ಲಿ ಏನಾಗುತ್ತಿತ್ತು ಗೊತ್ತಾ? ಬಾಸೆಲ್ ಮಿಶನ್ನಿನ ಡಾ. ಈವಾ ಲೊಂಬಾರ್ಡ್ ಅನ್ನುವ ಸ್ವಿಸ್ ಮಹಿಳೆ ಇಲ್ಲಿ ಆಸ್ಪತ್ರೆ ಶುರು ಮಾಡುತ್ತಿದ್ದರು. ಇವತ್ತಿಗೂ ಇರುವ ಲೊಂಬಾರ್ಡ್ ಆಸ್ಪತ್ರೆ ಅದೇ. ಸುರಕ್ಷಿತ ಹೆರಿಗೆಯೇ ದೊಡ್ಡ ಸಾಧನೆಯಾಗಿದ್ದ ಕಾಲ ಅದು.

1927ರಲ್ಲಿ ಲಿಸ್ಬನ್ನಿನ ಎಗಾಸ್ ಮೋನಿಜ್, ರಕ್ತನಾಳಕ್ಕೆ ಅಯೋಡಿನ್ ಇರುವ ದ್ರವ ಚುಚ್ಚಿ ಎಕ್ಸ್‌ರೇ ತೆಗೆದ. ಬದುಕಿರುವ ಮನುಷ್ಯನ ಮೆದುಳಿನ ರಕ್ತನಾಳಗಳು ಮೊದಲ ಬಾರಿ ಕಂಡವು, ಮರದ ಕೊಂಬೆಗಳ ಹಾಗೆ. 1933ರಲ್ಲಿ ಅದರಲ್ಲಿ ಅನ್ಯೂರಿಸಂ ಕೂಡ ಕಂಡಿತು. (ತಮಾಷೆ ಅಂದ್ರೆ ಅವನಿಗೆ 1949ರಲ್ಲಿ ನೊಬೆಲ್ ಸಿಕ್ಕಿದ್ದು ಇದಕ್ಕಲ್ಲ, ಮೆದುಳಿನ ಮುಂಭಾಗದ ನರಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಗೆ. ಅದನ್ನು ಈಗ ಯಾರೂ ಹೊಗಳೋದಿಲ್ಲ.) 1931ರಲ್ಲಿ ಎಡಿನ್‌ಬರೋದ ನಾರ್ಮನ್ ಡಾಟ್, ಒಡೆದ ಉಬ್ಬಿಗೆ ರೋಗಿಯದೇ ಸ್ನಾಯುವಿನ ತುಂಡು ಸುತ್ತಿ ರಕ್ತ ನಿಲ್ಲಿಸಿದ. 1937ರಲ್ಲಿ ಬಾಲ್ಟಿಮೋರಿನ ವಾಲ್ಟರ್ ಡ್ಯಾಂಡಿ ಉಬ್ಬಿನ ಕುತ್ತಿಗೆಗೇ ಸಣ್ಣ ಬೆಳ್ಳಿಯ ಕ್ಲಿಪ್ ಹಾಕಿದ. ಆ ರೋಗಿಯ ಲಕ್ಷಣ ಏನಿತ್ತು ಗೊತ್ತಾ? ಒಂದು ಕಣ್ಣಿನ ರೆಪ್ಪೆ ಜೋತುಬಿದ್ದಿತ್ತು. ಓದುವಾಗ ಸ್ಕಂದಗ್ರಹದ ಆಡದ ರೆಪ್ಪೆ ನೆನಪಾಗಿ ಮೈ ಜುಂ ಅಂತು. ಲಕ್ಷಣ ಕಂಡವರು ಅಲ್ಲೂ ಇದ್ದರು ಇಲ್ಲೂ ಇದ್ದರು. ರೆಪ್ಪೆಯ ಹಿಂದಿರುವ ನರವನ್ನು, ಆ ನರವನ್ನು ಒತ್ತುವ ಉಬ್ಬನ್ನು ನೋಡುವ ಸಾಧನ ಬರಲು ಇಷ್ಟು ಕಾಲ ಬೇಕಾಯ್ತು.

ಈಗ ನಮ್ಮೂರಿಗೆ ಬರೋಣ. ಭಾರತದಲ್ಲಿ ನರಶಸ್ತ್ರಚಿಕಿತ್ಸೆಯ ಮೊದಲ ವಿಭಾಗವನ್ನು ಡಾ. ಜೇಕಬ್ ಚಾಂಡಿ 1949ರಲ್ಲಿ ವೆಲ್ಲೂರಿನಲ್ಲಿ ತೆರೆದರು. 1950ರಲ್ಲಿ ಡಾ. ಬಿ. ರಾಮಮೂರ್ತಿ ಮದರಾಸಿನಲ್ಲಿ ಶುರು ಮಾಡಿದರು. ಮುಂದೆ ನಿಮ್ಹಾನ್ಸ್ ಆಗಲಿದ್ದ ಸಂಸ್ಥೆ ಬೆಂಗಳೂರಿನಲ್ಲಿ ಆರಂಭವಾದದ್ದು 1954ರಲ್ಲಿ. ಮಣಿಪಾಲದ ಬೋಳುಗುಡ್ಡದ ಮೇಲೆ ಡಾ. ಟಿ.ಎಂ.ಎ. ಪೈ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದ್ದು 1953ರಲ್ಲಿ. ಆದರೆ ಅಲ್ಲಿ ಕಸ್ತೂರ್ಬಾ ಆಸ್ಪತ್ರೆ ಬಂದದ್ದು 1961ರಲ್ಲಿ. ಅಲ್ಲಿಯವರೆಗೆ ವಿದ್ಯಾರ್ಥಿಗಳು ರೋಗಿಗಳನ್ನು ನೋಡಿ ಕಲಿಯಲು ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಗೆ ಹೋಗುತ್ತಿದ್ದರು.

ಅಜ್ಜಿಯ ಮಗು ಹೋದದ್ದು 1957. ಕಾಲೇಜು ಬಂದು ನಾಲ್ಕು ವರ್ಷ ಆಗಿತ್ತು, ಆಸ್ಪತ್ರೆ ಬರಲು ನಾಲ್ಕು ವರ್ಷ ಇತ್ತು. ಕಾಪುವಿನಿಂದ ಮಣಿಪಾಲದ ಗುಡ್ಡಕ್ಕೆ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ ಅಷ್ಟೇ. ಆದರೆ ಆ ಕೂಸಿನ ತಲೆಯೊಳಗೆ ನೋಡಬಲ್ಲವರು ಇದ್ದದ್ದು ವೆಲ್ಲೂರಿನಲ್ಲೋ ಮದರಾಸಿನಲ್ಲೋ. ಆಟಿಯ ಮಳೆಯಲ್ಲಿ ಮಂಗಳೂರಿಗೆ ಹೋಗಿ, ರೈಲು ಹತ್ತಿ, ಘಟ್ಟ ದಾಟಿ.. ಎರಡು ರಾತ್ರಿಯಲ್ಲಿ ಆಗುವ ಮಾತಾ?

ಆಮೇಲಿನ ಕಥೆ ಬೇಗ ಬೇಗ ಸಾಗುತ್ತೆ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಸಿಟಿ ಸ್ಕ್ಯಾನ್ ಆಯ್ತು. ಅದನ್ನು ಮಾಡಿದ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಡಾಕ್ಟರ್ ಅಲ್ಲ, ಇ.ಎಂ.ಐ. ಕಂಪನಿಯ ಇಂಜಿನಿಯರ್! 1979ರ ನೊಬೆಲ್ ಕೂಡ ಬಂತು (ನಮ್ಮ ಕುಲದವರು ಅಂತ ನನಗೆ ಒಳಗೊಳಗೇ ಹೆಮ್ಮೆ). 1970ರ ದಶಕದ ಕೊನೆಯ ಹೊತ್ತಿಗೆ ಅಲ್ಟ್ರಾಸೌಂಡ್ ತಲೆಗೂ ಬಂತು. ಮೂಳೆ ಅಡ್ಡ ಬರದ ನೆತ್ತಿಯ ಮೇಲೆ ಆ ಸಾಧನ ಇಟ್ಟರೆ ಕೂಸಿನ ಮೆದುಳು ತೆರೆಯ ಮೇಲೆ ಕಾಣುತ್ತೆ. ಅಜ್ಜಿಯಂದಿರು ಬೆರಳಿಟ್ಟು ನೋಡುತ್ತಿದ್ದ ಅದೇ ಜಾಗ ಡಾಕ್ಟರಿಗೆ ಕಿಟಕಿಯಾಯ್ತು. 1990ರಲ್ಲಿ ಅಮೆರಿಕದಲ್ಲಿ ಇಟಲಿ ಮೂಲದ ಗುಗ್ಲಿಯೆಲ್ಮಿ, ತೊಡೆಯ ರಕ್ತನಾಳದಿಂದ ಕೂದಲಿನಂಥ ಕೊಳವೆ ತೂರಿಸಿ ಉಬ್ಬಿನೊಳಗೆ ಪ್ಲಾಟಿನಂ ತಂತಿಯ ಸುರುಳಿ ತುಂಬುವ ವಿಧಾನವನ್ನು ರೋಗಿಯ ಮೇಲೆ ಬಳಸಿದ. ತಲೆ ತೆರೆಯದೆಯೇ ಚಿಕಿತ್ಸೆ.

ಕೂಸುಗಳಿಗೇ ವಿಶೇಷವಾದ ಇನ್ನೊಂದು ಇದೆ, 'ಗೇಲನ್ ಅಭಿಧಮನಿಯ ಅನ್ಯೂರಿಸಂ'. ಹೆಸರು ಹಾಗಿದ್ದರೂ ಇದು ಧಮನಿಯ ಉಬ್ಬಲ್ಲ. ಧಮನಿಗಳು ನಡುವಿನ ಸಣ್ಣ ಜಾಲ ಇಲ್ಲದೆ ನೇರವಾಗಿ ಅಭಿಧಮನಿಗೆ ಸೇರಿ ಅದು ಊದಿಕೊಳ್ಳುತ್ತೆ. ಹುಟ್ಟಿದ ಕೂಸಿನ ಹೃದಯ ಆ ಹರಿವು ತಾಳಲಾರದೆ ಸೋಲುತ್ತೆ. ಭ್ರೂಣದಲ್ಲಿ ಮಾಯವಾಗಬೇಕಿದ್ದ ಬೇರೆಯೇ ಒಂದು ನಾಳ ಉಳಿದುಕೊಂಡು ಹೀಗಾಗುತ್ತೆ ಅಂತ 1989ರಲ್ಲಿ ಫ್ರಾನ್ಸಿನ ರೇಬೊ ತಂಡ ತೋರಿಸಿತು. ಅಂದರೆ ಹೆರಿಗೆಗೆ ಎಷ್ಟೋ ತಿಂಗಳ ಮೊದಲೇ, ತಾಯಿಗೆ ಕೆಲವೊಮ್ಮೆ ತಾನು ಬಸುರಿ ಅಂತ ಸರಿಯಾಗಿ ತಿಳಿಯುವ ಹೊತ್ತಿಗೇ, ತಪ್ಪು ಆಗಿಹೋಗಿರುತ್ತೆ. ಪ್ಯಾರಿಸ್ಸಿನ ಪಿಯರ್ ಲಾಸ್‌ಜೋನಿಯಾಸ್ (1948-2008) ಇಂಥ ಕೂಸುಗಳ ಚಿಕಿತ್ಸೆಗೆ ಜೀವನವನ್ನೇ ಕೊಟ್ಟರು. 2023ರಲ್ಲಿ ಬಾಸ್ಟನ್ನಿನ ವೈದ್ಯರು 34 ವಾರದ ಭ್ರೂಣ ಗರ್ಭದಲ್ಲಿರುವಾಗಲೇ ಇದಕ್ಕೆ ಚಿಕಿತ್ಸೆ ಕೊಟ್ಟು ಗೆದ್ದರು.

ಅಕ್ಕನ ಮಗುವಿಗೆ ಆಪರೇಶನ್ ಮಾಡಿ ಕ್ಲಿಪ್ ಹಾಕಿದರು. ಡ್ಯಾಂಡಿಯ ಕ್ಲಿಪ್ಪಿನ ಮೊಮ್ಮಗ ಅನ್ನಿ. ಎಂಟು ಕಿಲೋ ತೂಕದ ಕೂಸಿನ ಮೈಯಲ್ಲಿ ಇರುವ ಒಟ್ಟು ರಕ್ತ ಸುಮಾರು 600 ಎಂ.ಎಲ್., ಒಂದು ಲೀಟರಿನ ನೀರಿನ ಬಾಟಲಿ ತುಂಬೋದಿಲ್ಲ. ಅದರಲ್ಲಿ ಒಂದು ಲೋಟ ಹೋದರೂ ಪ್ರಾಣಕ್ಕೆ ಕುತ್ತು. ಬಾಗಿಲ ಹೊರಗೆ ಕೂತಿದ್ದ ಆ ಗಂಟೆಗಳ ಬಗ್ಗೆ ನಾನು ಬರೆಯಲಾರೆ. ಈಗ ಅವನು ನಡೀತಾನೆ. ಎಡಗೈ ಸ್ವಲ್ಪ ನಿಧಾನ, ಫಿಸಿಯೋಥೆರಪಿ ನಡೀತಿದೆ.

ಅಕ್ಕನ ಪ್ರಶ್ನೆಗೆ ಡಾಕ್ಟರ್ ಏನಂದ್ರು ಅಂತ ಹೇಳಲೇ ಇಲ್ಲ ಅಲ್ವಾ. ಅವರು ಸ್ಕ್ಯಾನ್ ತೋರಿಸಿ ಅಂದದ್ದು ಇಷ್ಟು: "ನೋಡಿ, ಉಬ್ಬು ಇರೋದು ಇಲ್ಲಿ, ಆಳದಲ್ಲಿ. ನೆತ್ತಿಗೆ ಎಣ್ಣೆ ಹಚ್ಚಿದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಯಾಕೆ ಬಂತು ಅಂತ ನಮಗೂ ಗೊತ್ತಿಲ್ಲ. ನೀವು ಮಾಡಿದ್ದರಿಂದ ಬಂದದ್ದಲ್ಲ ಅಂತ ಮಾತ್ರ ಗೊತ್ತು." ಅಕ್ಕ ಆಗ ಅತ್ತಳು, ಬೆಳಿಗ್ಗೆಯಿಂದ ಮೊದಲ ಸಲ.

ಇನ್ನು ಅಜ್ಜಿಯ ಮಗು. ಇಷ್ಟೆಲ್ಲ ಓದಿದ್ದು ಅದೂ ಅನ್ಯೂರಿಸಮ್ಮೇ ಅಂತ ಸಾಧಿಸೋಣ ಅನ್ನುವ ಆಸೆಯಿಂದ, ಸುಳ್ಳು ಯಾಕೆ ಹೇಳಲಿ. ಆದರೆ ಅದು ಪ್ರಾಮಾಣಿಕ ಆಗೋದಿಲ್ಲ. 1957ರಲ್ಲಿ ಸೆಟೆದುಕೊಂಡು ಎರಡು ದಿನದಲ್ಲಿ ಹೋದ ಕೂಸಿಗೆ ಮಿದುಳುಪೊರೆಯ ಜ್ವರವೋ ಇನ್ಯಾವುದೋ ಸೋಂಕೋ ಇದ್ದ ಸಾಧ್ಯತೆಯೇ ಹೆಚ್ಚು. ಅನ್ಯೂರಿಸಂ ಅಷ್ಟು ಅಪರೂಪ. ಆ ಲಾಗ್ ಫೈಲ್ ಮಣ್ಣಿನಡಿ ಹೋಗಿ ಕಾಲವಾಯ್ತು. ಒಂದು ಮಾತು ಮಾತ್ರ ಖಂಡಿತ: ಯಾವ ಕಾಯಿಲೆಯೇ ಆಗಿರಲಿ, ಮಧ್ಯಾಹ್ನ ತೋಡು ದಾಟಿದ್ದರಿಂದ ಬಂದದ್ದಲ್ಲ. ಇದನ್ನು ಹೇಳಲು ಸ್ಕ್ಯಾನ್ ಬೇಕಾಗಿರಲಿಲ್ಲ. ನಾನು ಕಾಲೇಜು ಓದುವಾಗಲೇ ಅಜ್ಜಿಯ ಪಕ್ಕ ಕೂತು ಹೇಳಬಹುದಿತ್ತು. ಅವರು ಆ ಕಥೆ ಹೇಳಿದಾಗಲೆಲ್ಲ ನಾನು ಮೊಬೈಲ್ ನೋಡ್ತಾ 'ಹ್ಞೂಂ' ಅನ್ನುತ್ತಿದ್ದೆ. ಈಗ ಅಜ್ಜಿ ಇಲ್ಲ.

ಅದಕ್ಕೇ ಇದನ್ನು ಬರೆದದ್ದು. ಕೂಸಿಗೆ ದಿಢೀರ್ ವಾಂತಿ, ಫಿಟ್ಸ್, ವಿಪರೀತ ಮಂಕು, ನೆತ್ತಿ ಉಬ್ಬಿದ್ದು, ಒಂದು ರೆಪ್ಪೆ ಜೋತದ್ದು ಕಂಡರೆ ಮೊದಲು ಆಸ್ಪತ್ರೆಗೆ ಓಡಿ. ನೂಲು ಆಮೇಲೆ ಕಟ್ಟಿಸಿದರೂ ನಡೆಯುತ್ತೆ, ನಮ್ಮ ಮನೆಯಲ್ಲೂ ಆಮೇಲೆ ಕಟ್ಟಿಸಿದರು :-) ಮತ್ತೆ, ನಿಮ್ಮ ಮನೆಯಲ್ಲೂ ಇಂಥ ಒಂದು ತೋಡಿನ ಕಥೆ ಇರಬಹುದು. ಆ ಅಜ್ಜಿ ಇನ್ನೂ ಇದ್ದರೆ, ಈ ಸಲ ಊರಿಗೆ ಹೋದಾಗ ಪಕ್ಕದಲ್ಲಿ ಕೂತು 'ಅದು ನಿಮ್ಮ ತಪ್ಪಲ್ಲ' ಅಂತ ಹೇಳಿ ಬನ್ನಿ.